ಆತಕೂರು ಶಾಸನ

ಆತಕೂರು ಶಾಸನವು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರು (ಇಂದಿನ ಆತಗೂರು) ಗ್ರಾಮದಲ್ಲಿ ದೊರೆತ, ಸಾಮಾನ್ಯ ಶಕ 949–50ರ ಕಾಲದ ಹಳಗನ್ನಡ ವೀರಗಲ್ಲು ಶಾಸನ. ಕಾಳಿ ಎಂಬ ಬೇಟೆನಾಯಿಯು ಹಂದಿಯೊಂದಿಗೆ ಹೋರಾಡಿ ಮಡಿದುದರ ನೆನಪಿಗಾಗಿ ಈ ಕಲ್ಲನ್ನು ಗ್ರಾಮದ ಚಲ್ಲೇಶ್ವರ ದೇವಾಲಯದ ಮುಂದೆ ನೆಡಲಾಯಿತು. ಅದರ ನಿತ್ಯಪೂಜೆಗಾಗಿ ಭೂಮಿಯನ್ನೂ ಬಿಡಲಾಯಿತು. ಇದೇ ಕಲ್ಲಿನಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ಗಂಗ ದೊರೆ ಇಮ್ಮಡಿ ಬೂತುಗನ ನೆರವಿನಿಂದ ಚೋಳ ಯುವರಾಜ ರಾಜಾದಿತ್ಯನನ್ನು ಸೋಲಿಸಿದ ತಕ್ಕೋಲಂ ಕದನದ ಉಲ್ಲೇಖವಿದೆ. ಒಂದು ಹಳ್ಳಿಯ ನಾಯಿಯ ಸ್ಮಾರಕವೂ ದಕ್ಷಿಣ ಭಾರತದ ಇತಿಹಾಸದ ದೊಡ್ಡ ಯುದ್ಧವೊಂದರ ದಾಖಲೆಯೂ ಒಂದೇ ಶಿಲೆಯಲ್ಲಿ ಸೇರಿರುವುದು ಇದರ ವೈಶಿಷ್ಟ್ಯ. ಮೂಲ ಶಿಲೆಯನ್ನು ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.

ಸಂಕ್ಷಿಪ್ತ ವಿವರ

ದೊರೆತ ಸ್ಥಳ: ಆತಕೂರು, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ
ಕಾಲ: ಶಕ 872 (ನಡೆಯುತ್ತಿದ್ದ ವರ್ಷ), ಸೌಮ್ಯ ಸಂವತ್ಸರ, ಸಾ.ಶ. 949–50
ಭಾಷೆ: ಹಳಗನ್ನಡ
ಲಿಪಿ: ಹತ್ತನೆಯ ಶತಮಾನದ ಕನ್ನಡ ಲಿಪಿ
ಸ್ವರೂಪ: ಬೇಟೆನಾಯಿಯ ಸ್ಮಾರಕಶಿಲೆ, ದತ್ತಿಶಾಸನ
ಉಲ್ಲೇಖಿತ ಅರಸರು: ಮೂರನೆಯ ಕೃಷ್ಣ, ಇಮ್ಮಡಿ ಬೂತುಗ, ರಾಚಮಲ್ಲ, ರಾಜಾದಿತ್ಯ
ಈಗಿನ ಸ್ಥಳ: ಸರ್ಕಾರಿ ವಸ್ತುಸಂಗ್ರಹಾಲಯ, ಬೆಂಗಳೂರು

ಹಿನ್ನೆಲೆ

ಹತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಭಾರತದ ಮೇಲಾಳ್ವಿಕೆಗಾಗಿ ಎರಡು ಶಕ್ತಿಗಳು ಸೆಣಸುತ್ತಿದ್ದವು. ಉತ್ತರದಲ್ಲಿ ಮಾನ್ಯಖೇಟವನ್ನು ರಾಜಧಾನಿಯಾಗಿ ಹೊಂದಿದ್ದ ರಾಷ್ಟ್ರಕೂಟರೂ ದಕ್ಷಿಣದಲ್ಲಿ ತಂಜಾವೂರಿನ ಚೋಳರೂ ಇದ್ದರು. ಸಾ.ಶ. 907ರಲ್ಲಿ ಪಟ್ಟಕ್ಕೆ ಬಂದ ಚೋಳ ದೊರೆ ಒಂದನೆಯ ಪರಾಂತಕನು ಪಾಂಡ್ಯರನ್ನು ಸೋಲಿಸಿ, ಬಾಣರ ನಾಡನ್ನು ವಶಪಡಿಸಿಕೊಂಡು ತೊಂಡೈಮಂಡಲದವರೆಗೆ ತನ್ನ ಅಧಿಕಾರವನ್ನು ವಿಸ್ತರಿಸಿದ್ದನು. ಈ ಎರಡು ರಾಜ್ಯಗಳ ನಡುವೆ ಇದ್ದ ಗಂಗವಾಡಿ ತೊಂಬತ್ತಾರುಸಾಸಿರವು ಪಶ್ಚಿಮ ಗಂಗರ ಆಳ್ವಿಕೆಗೆ ಒಳಪಟ್ಟಿತ್ತು. ಇಂದಿನ ಮೈಸೂರು, ಮಂಡ್ಯ, ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಬಹುಭಾಗ ಈ ನಾಡಿಗೆ ಸೇರಿತ್ತು. ಆತಕೂರು ಗ್ರಾಮವೂ ಇದರೊಳಗೇ ಇತ್ತು.

ರಾಷ್ಟ್ರಕೂಟ ದೊರೆ ಮೂರನೆಯ ಅಮೋಘವರ್ಷನ (ಬದ್ದೆಗ) ಮಗಳು ರೇವಕನಿಮ್ಮಡಿಯನ್ನು ಗಂಗ ವಂಶದ ಇಮ್ಮಡಿ ಬೂತುಗನಿಗೆ ಕೊಟ್ಟು ವಿವಾಹ ಮಾಡಲಾಗಿತ್ತು. ಆಕೆ ಮೂರನೆಯ ಕೃಷ್ಣನ ಅಕ್ಕ. ಗಂಗ ಸಿಂಹಾಸನದಲ್ಲಿ ಆಗ ಎರೆಯಪ್ಪನ ಮಗ ರಾಚಮಲ್ಲನಿದ್ದನು. ಬೂತುಗನು ರಾಷ್ಟ್ರಕೂಟರ ನೆರವಿನಿಂದ ರಾಚಮಲ್ಲನನ್ನು ಕೊಂದು ಗಂಗವಾಡಿಯ ಅಧಿಕಾರವನ್ನು ಪಡೆದನು. ಮೂರನೆಯ ಕೃಷ್ಣನ ಸಾ.ಶ. 940ರ ದೇವಳಿ ತಾಮ್ರಪಟಗಳೂ ಈ ಘಟನೆಯನ್ನು ಹೇಳುತ್ತವೆ. ಹೀಗೆ ಸಂಬಂಧದಿಂದಲೂ ಉಪಕಾರದಿಂದಲೂ ಬೂತುಗನು ರಾಷ್ಟ್ರಕೂಟರ ಆಪ್ತ ಮಾಂಡಲಿಕನಾದನು. ಸಾ.ಶ. 939ರಲ್ಲಿ ಪಟ್ಟವೇರಿದ ಕೃಷ್ಣನು ಸುಮಾರು ಹತ್ತು ವರ್ಷಗಳ ನಂತರ ಚೋಳರ ಮೇಲೆ ದಂಡೆತ್ತಿ ಹೋದಾಗ ಬೂತುಗನು ತನ್ನ ಸೈನ್ಯದೊಂದಿಗೆ ಅವನ ಜೊತೆಗೂಡಿದನು.

ತಕ್ಕೋಲಂ ಕದನ

ಎರಡೂ ಸೈನ್ಯಗಳು ಇಂದಿನ ತಮಿಳುನಾಡಿನ ಅರಕ್ಕೋಣಂ ಸಮೀಪದ ತಕ್ಕೋಲಂ ಎಂಬಲ್ಲಿ ಎದುರಾದವು. ಚೋಳ ಸೈನ್ಯವನ್ನು ಪರಾಂತಕನ ಹಿರಿಯ ಮಗ ರಾಜಾದಿತ್ಯನು ಮುನ್ನಡೆಸಿದನು. ಆತಕೂರು ಶಾಸನವು ಅವನನ್ನು ಮೂವಡಿಚೋಳ ಎಂಬ ಹೆಸರಿನಿಂದ ಕರೆಯುತ್ತದೆ. ಕದನದಲ್ಲಿ ರಾಜಾದಿತ್ಯನು ಆನೆಯ ಮೇಲೆ ಕುಳಿತಿದ್ದಾಗಲೇ ಹತನಾದನು. ತಮಿಳು ಶಾಸನಗಳು ಅವನನ್ನು ಆನೆಯ ಮೇಲೆ ಮಡಿದ ದೊರೆ ಎಂಬ ಅರ್ಥದ ವಿಶೇಷಣದಿಂದ ನೆನೆಯುತ್ತವೆ.

ಈ ಸಾವಿನ ಹೊಣೆ ಅಥವಾ ಕೀರ್ತಿ ಯಾರಿಗೆ ಸಲ್ಲಬೇಕೆಂಬ ವಿಷಯದಲ್ಲಿ ದಾಖಲೆಗಳು ಭಿನ್ನವಾಗಿವೆ. ಚೋಳರ ಲೇಡನ್ ತಾಮ್ರಪಟಗಳ ಪ್ರಕಾರ ಕೃಷ್ಣರಾಜನ ಹರಿತವಾದ ಬಾಣಗಳು ರಾಜಾದಿತ್ಯನ ಎದೆಯನ್ನು ಭೇದಿಸಿದವು. ಶೋಳಪುರಂ ಎಂಬಲ್ಲಿ ದೊರೆತ ಶಕ 871ರ ತಮಿಳು ಶಾಸನವೂ ಕನ್ನರದೇವನೇ ರಾಜಾದಿತ್ಯನನ್ನು ಗೆದ್ದು ತೊಂಡೈಮಂಡಲವನ್ನು ಪ್ರವೇಶಿಸಿದನೆಂದು ಹೇಳುತ್ತದೆ. ಆತಕೂರು ಶಾಸನದ ಒಂದು ಭಾಗವು ಕೃಷ್ಣನೇ ಕಾದಿ ಕೊಂದನೆಂದರೆ, ಇನ್ನೊಂದು ಭಾಗವು ರಾಜಾದಿತ್ಯನನ್ನು ಕೊಂದವನು ಬೂತುಗನೆಂದು ಸ್ಪಷ್ಟವಾಗಿ ಹೇಳುತ್ತದೆ. ಮಾಂಡಲಿಕನ ಗೆಲುವನ್ನು ಚಕ್ರವರ್ತಿಯ ಗೆಲುವೆಂದು ಹೇಳುವುದು ಅಂದಿನ ಶಾಸನಗಳ ರೂಢಿಯಾದುದರಿಂದ ಈ ಎರಡು ಹೇಳಿಕೆಗಳಲ್ಲಿ ವಿರೋಧವಿಲ್ಲವೆಂದು ಇತಿಹಾಸಕಾರರು ಭಾವಿಸುತ್ತಾರೆ.

ಕದನದ ಪರಿಣಾಮವಾಗಿ ಚೋಳರ ಬೆಳವಣಿಗೆ ಕೆಲವು ದಶಕಗಳ ಕಾಲ ಕುಂಠಿತವಾಯಿತು. ಕಂಚಿಯನ್ನು ಒಳಗೊಂಡ ತೊಂಡೈಮಂಡಲವು ಕೃಷ್ಣನ ವಶವಾಯಿತು. ಹತ್ತು ವರ್ಷಗಳ ನಂತರ, ಸಾ.ಶ. 959ರಲ್ಲಿ, ಅವನು ತಮಿಳುನಾಡಿನ ಮೇಲ್ಪಾಡಿಯಲ್ಲಿ ಬೀಡುಬಿಟ್ಟಿದ್ದಾಗ ಕರ್ಹಾಡ ತಾಮ್ರಪಟಗಳನ್ನು ನೀಡಿದನು. ರಾಜಾದಿತ್ಯನ ದಂಡನಾಯಕರಲ್ಲಿ ಒಬ್ಬನಾಗಿದ್ದ ಕೇರಳ ಮೂಲದ ವೆಳ್ಳನ್ ಕುಮಾರನು ತನ್ನ ಒಡೆಯನೊಂದಿಗೆ ರಣರಂಗದಲ್ಲಿ ಸಾಯಲಾಗಲಿಲ್ಲವೆಂಬ ದುಃಖದಿಂದ ಸನ್ಯಾಸ ಸ್ವೀಕರಿಸಿ, ಚತುರಾನನ ಪಂಡಿತನೆಂಬ ಹೆಸರಿನಿಂದ ತಿರುವೊಟ್ರಿಯೂರಿನ ಮಠದಲ್ಲಿ ನೆಲೆಸಿದುದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ.

ಶಾಸನದ ವಿಷಯ

ಮಣಲೆರ

ಶಾಸನದ ಕೇಂದ್ರವ್ಯಕ್ತಿ ಮಣಲೆರ (ಮಣಲೆರತ). ಇವನು ಸಗರ ವಂಶದವನು. ವಲಭೀಪುರದ ಒಡೆಯನೆಂಬ ಬಿರುದನ್ನು ಧರಿಸಿದ್ದವನು. ಇದು ವಂಶದ ಮೂಲಸ್ಥಾನವನ್ನು ಸೂಚಿಸುವ ಸಾಂಪ್ರದಾಯಿಕ ಬಿರುದೇ ಹೊರತು ಅವನು ಗುಜರಾತಿನ ವಲಭಿಯನ್ನು ಆಳಿದನೆಂದು ಅರ್ಥವಲ್ಲ. ಸಗರತ್ರಿಣೇತ್ರ ಎಂಬುದು ಅವನ ಮತ್ತೊಂದು ಬಿರುದು. ಶಾಸನವು ಅವನನ್ನು ಬೂತುಗನ ಅಂಕಕಾರನೆಂದು, ಅಂದರೆ ಒಡೆಯನ ಪರವಾಗಿ ಪಣತೊಟ್ಟು ಹೋರಾಡುವ ವೀರನೆಂದು ಕರೆಯುತ್ತದೆ. ತಕ್ಕೋಲಂ ಕದನದಲ್ಲಿ ಅವನು ಒಡೆಯನ ಮುಂದೆ ನಿಂತು ಹೋರಾಡಿದ ಬಗೆಯನ್ನು ಶಾಸನವು ಪದ್ಯರೂಪದಲ್ಲಿ ಹೊಗಳಿದೆ.

ಕಾಳಿ ಎಂಬ ನಾಯಿ

ಮಣಲೆರನ ಶೌರ್ಯಕ್ಕೆ ಮೆಚ್ಚಿದ ಒಡೆಯನು ಬೇಕಾದುದನ್ನು ಬೇಡಿಕೊಳ್ಳುವಂತೆ ಹೇಳಿದನು. ಅಂತಹ ಸಂದರ್ಭದಲ್ಲಿ ಊರು, ಹೊನ್ನು ಅಥವಾ ಪದವಿಯನ್ನು ಬೇಡುವುದು ಸಹಜವಾಗಿದ್ದರೂ ಮಣಲೆರನು ಕಾಳಿ ಎಂಬ ಹೆಸರಿನ ಬೇಟೆನಾಯಿಯನ್ನು ಬೇಡಿ ಪಡೆದನು. ಆ ನಾಯಿಯನ್ನು ಕೆಳಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನಲ್ಲಿದ್ದ ಮೊರಡಿಯಲ್ಲಿ, ಅಂದರೆ ಕಲ್ಲುಗುಡ್ಡದಲ್ಲಿ, ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಡಲಾಯಿತು. ಹಂದಿಯೂ ನಾಯಿಯೂ ಪರಸ್ಪರ ಹೋರಾಡಿ ಒಟ್ಟಿಗೆ ಸತ್ತವು.

ಕಾಳಗದ ವರ್ಣನೆಯನ್ನು ಶಾಸನವು ಬೆಳೆಸುವುದಿಲ್ಲ. ಊರಿನ ಹೆಸರು, ದಿಕ್ಕು, ಹಂದಿಯ ಗಾತ್ರ ಮತ್ತು ಪರಿಣಾಮ ಇಷ್ಟನ್ನು ಮಾತ್ರ ಕೆಲವೇ ಪದಗಳಲ್ಲಿ ಹೇಳಿ ಮುಗಿಸುತ್ತದೆ. ಯೋಧನ ಸಾವನ್ನು ದಾಖಲಿಸುವ ವೀರಗಲ್ಲುಗಳಲ್ಲಿ ಕಾಣುವ ಸಂಕ್ಷಿಪ್ತತೆಯೇ ಇಲ್ಲಿಯೂ ಇದೆ.

ದತ್ತಿ ಮತ್ತು ಶಾಪಾಶಯ

ನಾಯಿಯ ನೆನಪಿಗಾಗಿ ಆತಕೂರಿನಲ್ಲಿ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲನ್ನು ನೆಡಿಸಲಾಯಿತು. ಹಿರಿಯ ಕೆರೆಯ ಕೆಳಗೆ ಮಳ್ತಿಕಾಳಂಗ ಎಂಬಲ್ಲಿ ಎರಡು ಖಂಡುಗ ಭೂಮಿಯನ್ನು ಅದರ ಪೂಜೆಗೆಂದು ಕೊಡಲಾಯಿತು. ಖಂಡುಗವೆಂಬುದು ಧಾನ್ಯದ ಅಳತೆ. ಭೂಮಿಯ ವಿಷಯದಲ್ಲಿ ಅಷ್ಟು ಪ್ರಮಾಣದ ಬೀಜವನ್ನು ಬಿತ್ತಬಹುದಾದ ನೆಲವೆಂದು ಅರ್ಥ. ಭೂಮಿಯು ಕೆರೆಯ ಕೆಳಗೆ ಇದ್ದುದರಿಂದ ಅದು ನೀರಾವರಿಯ ಗದ್ದೆಯಾಗಿತ್ತೆಂದು ಊಹಿಸಬಹುದು.

ಪೂಜೆಯ ಹೊಣೆಯನ್ನು ದೇವಾಲಯದ ಗೊರವನಿಗೆ, ಅಂದರೆ ಶೈವ ಅರ್ಚಕನಿಗೆ, ವಹಿಸಲಾಗಿತ್ತು. ದತ್ತಿಶಾಸನಗಳ ಕೊನೆಯಲ್ಲಿ ದಾನವನ್ನು ಅಳಿಸಿದವರಿಗೆ ಕಾಶಿಯಲ್ಲಿ ಗೋಹತ್ಯೆ ಮಾಡಿದ ಪಾಪ ತಗಲುವುದೆಂಬಂತಹ ಶಾಪಾಶಯವಿರುವುದು ವಾಡಿಕೆ. ಇಲ್ಲಿ ಮಾತ್ರ ಆ ಸ್ಥಾನದಲ್ಲಿ ನಾಯಿಯೇ ಇದೆ. ಈ ಭೂಮಿಯನ್ನು ಅಳಿಸಿದವನಿಗೆ ಆ ನಾಯಿಗೆ ಸಂಬಂಧಿಸಿದ ಪಾಪ ಬರುವುದೆಂದೂ, ಕಲ್ಲನ್ನು ಪೂಜಿಸದೆ ಗೊರವನು ಊಟ ಮಾಡಿದರೆ ಅವನಿಗೂ ಅದೇ ಪಾಪ ತಗಲುವುದೆಂದೂ ಶಾಸನವು ವಿಧಿಸುತ್ತದೆ. ಕಲ್ಲನ್ನು ನೆಟ್ಟವರು ಅದನ್ನು ದಿನನಿತ್ಯದ ಪೂಜೆಗೆ ಅರ್ಹವಾದ ವಸ್ತುವೆಂದೇ ಪರಿಗಣಿಸಿದ್ದರೆಂಬುದಕ್ಕೆ ಈ ನಿಯಮವು ಸಾಕ್ಷಿ.

ಬೂತುಗನು ಪಡೆದ ಮತ್ತು ನೀಡಿದ ಕೊಡುಗೆಗಳು

ಶಾಸನದ ಇನ್ನೊಂದು ಭಾಗವು ರಾಜಕೀಯ ವಿವರಗಳನ್ನು ಒಳಗೊಂಡಿದೆ. ಎರೆಯಪ್ಪನ ಮಗ ರಾಚಮಲ್ಲನನ್ನು ಕೊಂದು ಬೂತುಗನು ತೊಂಬತ್ತಾರುಸಾಸಿರವನ್ನು ಆಳುತ್ತಿದ್ದನೆಂದು ಇಲ್ಲಿ ಹೇಳಿದೆ. ರಾಜಾದಿತ್ಯನನ್ನು ಕೊಂದುದಕ್ಕಾಗಿ ಕೃಷ್ಣನು ಅವನಿಗೆ ಬನವಾಸೆ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70 ಮತ್ತು ಬಾಗೆನಾಡು 70 ಎಂಬ ನಾಡುಗಳನ್ನು ಮೆಚ್ಚುಗೆಯಾಗಿ ಕೊಟ್ಟನು. ಹೆಸರುಗಳ ಜೊತೆಯಲ್ಲಿರುವ ಸಂಖ್ಯೆಗಳು ಅಂದಿನ ಆಡಳಿತ ವಿಭಾಗಗಳ ಗಾತ್ರವನ್ನು ಸೂಚಿಸುತ್ತವೆ.

ಬೂತುಗನು ತನ್ನ ಪಾಲಿಗೆ ಮಣಲೆರನಿಗೆ ಆತಕೂರು 12ನ್ನೂ ಬೆಳ್ವೊಲದ ಒಂದು ಗ್ರಾಮವನ್ನೂ ಬಾಳ್ಗಳ್ಚು ಆಗಿ ನೀಡಿದನು. ಬಾಳ್ ಎಂದರೆ ಕತ್ತಿ. ಕಳ್ಚು ಎಂದರೆ ತೊಳೆಯುವುದು. ಯುದ್ಧದಲ್ಲಿ ಶೌರ್ಯ ತೋರಿದ ವೀರನ ಕತ್ತಿಯನ್ನು ತೊಳೆದು ನೀಡುತ್ತಿದ್ದ ಗೌರವದ ದತ್ತಿಗೆ ಈ ಹೆಸರಿತ್ತು. ನಾಯಿಯ ಕಲ್ಲು ಬೇಟೆ ನಡೆದ ಬೆಳತೂರಿನಲ್ಲಿರದೆ ಆತಕೂರಿನಲ್ಲಿರುವುದಕ್ಕೆ ಕಾರಣವೂ ಇದರಿಂದ ಸ್ಪಷ್ಟವಾಗುತ್ತದೆ: ಆತಕೂರು ಮಣಲೆರನ ಸ್ವಂತ ಊರಾಗಿತ್ತು.

ಬೆಳ್ವೊಲ ಮೊದಲಾದ ನಾಡುಗಳ ವಿಷಯದಲ್ಲಿ ಮತ್ತೊಂದು ಹೇಳಿಕೆಯೂ ಇದೆ. ಸಾ.ಶ. 975ರ ಹೆಬ್ಬಾಳ ಶಾಸನದ ಪ್ರಕಾರ ಪುಲಿಗೆರೆ, ಬೆಳ್ವೊಲ, ಕಿಸುಕಾಡು ಮತ್ತು ಬಾಗೆನಾಡುಗಳು ರೇವಕನಿಮ್ಮಡಿಯ ವಿವಾಹಕಾಲದಲ್ಲಿಯೇ ಬಳುವಳಿಯಾಗಿ ಬೂತುಗನಿಗೆ ಬಂದಿದ್ದವು. ಮೊದಲೇ ಬಂದಿದ್ದ ನಾಡುಗಳನ್ನು ತಕ್ಕೋಲಂ ವಿಜಯದ ನಂತರ ಕೃಷ್ಣನು ಮತ್ತೆ ದೃಢಪಡಿಸಿ, ಬನವಾಸೆಯನ್ನು ಹೊಸದಾಗಿ ಸೇರಿಸಿರಬಹುದೆಂಬುದು ಈ ಎರಡು ಹೇಳಿಕೆಗಳನ್ನು ಹೊಂದಿಸುವ ಒಂದು ವಿವರಣೆ.

ಶಿಲ್ಪ

ಶಿಲೆಯ ಮೇಲ್ಭಾಗದಲ್ಲಿ ನಾಯಿ ಮತ್ತು ಹಂದಿಗಳ ಹೋರಾಟವನ್ನು ಉಬ್ಬುಶಿಲ್ಪವಾಗಿ ಕೆತ್ತಲಾಗಿದೆ. ಎರಡು ಪ್ರಾಣಿಗಳೂ ಮುಖಾಮುಖಿಯಾಗಿ ಸೆಣಸುತ್ತಿರುವ ಈ ದೃಶ್ಯವು ಓದುಬಾರದವರಿಗೂ ಕಲ್ಲಿನ ಉದ್ದೇಶವನ್ನು ತಿಳಿಸುವಂತಿದೆ. ನಂತರದ ಕಾಲದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನ ಪಟ್ಟಿಕೆಯಲ್ಲಿ ವೀರನ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಅವನನ್ನು ಸ್ವರ್ಗಕ್ಕೆ ಕರೆದೊಯ್ಯುವ ದೃಶ್ಯ, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿರುವ ದೃಶ್ಯ ಇರುತ್ತವೆ. ಆತಕೂರಿನ ಕಲ್ಲಿನಲ್ಲಿ ಇಂತಹ ಸ್ವರ್ಗಾರೋಹಣದ ಚಿತ್ರಣಕ್ಕಿಂತ ಹೋರಾಟದ ಕ್ಷಣಕ್ಕೇ ಪ್ರಾಧಾನ್ಯವಿದೆ.

ಭಾಷೆ ಮತ್ತು ಲಿಪಿ

ಶಾಸನದ ಭಾಷೆ ಹತ್ತನೆಯ ಶತಮಾನದ ಹಳಗನ್ನಡ. ಗದ್ಯ ಮತ್ತು ಪದ್ಯ ಎರಡೂ ಇದರಲ್ಲಿ ಬಳಕೆಯಾಗಿವೆ. ಅರಸರ ಬಿರುದಾವಳಿಯನ್ನು ಹೇಳುವಲ್ಲಿ ಸಂಸ್ಕೃತ ಸಮಾಸಗಳು ಹೇರಳವಾಗಿವೆ. ನಾಯಿಯ ಕಥೆ ಮತ್ತು ದತ್ತಿಯ ವಿವರಗಳು ಬಂದಾಗ ಭಾಷೆ ಬಹುಮಟ್ಟಿಗೆ ಅಚ್ಚಗನ್ನಡದ್ದಾಗುತ್ತದೆ. ಹಂದಿ, ನಾಯಿ, ಕೆರೆ, ಮಣ್ಣು, ಕಲ್ಲು ಇವುಗಳ ಹಳಗನ್ನಡ ರೂಪಗಳು ಇಲ್ಲಿ ಕಾಣುತ್ತವೆ. ಇಂದಿನ ಹಕಾರದ ಸ್ಥಾನದಲ್ಲಿ ಪಕಾರವಿರುವುದು (ಪಂದಿ, ಪಿರಿಯ) ಆ ಕಾಲದ ಭಾಷೆಯ ಲಕ್ಷಣ. ಇಂದು ಬಳಕೆಯಲ್ಲಿಲ್ಲದ ಱ ಮತ್ತು ೞ ಅಕ್ಷರಗಳೂ ಅಂದಿನ ಬರವಣಿಗೆಯಲ್ಲಿದ್ದವು.

ಸಾಹಿತ್ಯ ಚರಿತ್ರೆಯ ದೃಷ್ಟಿಯಿಂದ ಇದು ಪಂಪನ ಕಾಲಕ್ಕೆ ಸೇರಿದ ಶಾಸನ. ಪಂಪನ ಕಾವ್ಯರಚನೆಯ ಕಾಲ ಸಾ.ಶ. 941. ಮೂರನೆಯ ಕೃಷ್ಣನ ಆಸ್ಥಾನದೊಂದಿಗೆ ಸಂಬಂಧ ಹೊಂದಿದ್ದ ಪೊನ್ನನೂ ಇದೇ ಶತಮಾನದವನು. ಆಸ್ಥಾನದ ಕಾವ್ಯಭಾಷೆಯ ಜೊತೆಗೆ, ಹಳ್ಳಿಯೊಂದರ ಜಮೀನು, ಕೆರೆ ಮತ್ತು ಬೇಟೆಯನ್ನು ಹೇಳುವ ವ್ಯವಹಾರದ ಗದ್ಯ ಹೇಗಿತ್ತೆಂಬುದನ್ನು ತಿಳಿಯಲು ಇಂತಹ ಶಾಸನಗಳು ನೆರವಾಗುತ್ತವೆ.

ಪಾಠದ ಕುರಿತ ಚರ್ಚೆ

ರಾಜಾದಿತ್ಯನ ಸಾವನ್ನು ಹೇಳುವ ವಾಕ್ಯದ ಒಂದು ಪದಗುಚ್ಛವು ವಿದ್ವಾಂಸರಲ್ಲಿ ದೀರ್ಘ ಚರ್ಚೆಗೆ ಕಾರಣವಾಯಿತು. ಶಾಸನವನ್ನು ಮೊದಲು ಸಂಪಾದಿಸಿದ ಜೆ. ಎಫ್. ಫ್ಲೀಟ್ ಅವರು ಒಂದು ಪದವನ್ನು ಕಳ್ಳ ಎಂಬುದಕ್ಕೆ ಸಂಬಂಧಿಸಿದ ರೂಪವಾಗಿ ಓದಿ, ಬೂತುಗನು ರಾಜಾದಿತ್ಯನನ್ನು ಮೋಸದಿಂದ ಕೊಂದನೆಂದು ಅರ್ಥೈಸಿದ್ದರು. ನಂತರ ಆ ಪದವು ಕಳ, ಅಂದರೆ ಯುದ್ಧಭೂಮಿ ಎಂಬುದಾಗಿ ನಿರ್ಧಾರವಾಯಿತು. ಅದರ ಜೊತೆಯಲ್ಲಿರುವ ಬಿಸುಗೆ ಎಂಬ ಪದಕ್ಕೆ ಆನೆಯ ಮೇಲಿನ ಅಂಬಾರಿ ಎಂದು ಅರ್ಥ. ಅಂಬಾರಿಯನ್ನೇ ಯುದ್ಧಭೂಮಿಯನ್ನಾಗಿ ಮಾಡಿಕೊಂಡು ಬೂತುಗನು ರಾಜಾದಿತ್ಯನನ್ನು ಇರಿದು ಕೊಂದನೆಂಬುದು ಪರಿಷ್ಕೃತ ಅರ್ಥ. ಫ್ಲೀಟ್ ಅವರು ತಮ್ಮ ಮೊದಲಿನ ಅಭಿಪ್ರಾಯವನ್ನು ಕೈಬಿಟ್ಟರು.

ಪರಿಷ್ಕೃತ ಪಾಠವು ಚೋಳರ ದಾಖಲೆಗಳಿಗೂ ಹೊಂದಿಕೊಳ್ಳುತ್ತದೆ. ರಾಜಾದಿತ್ಯನು ಆನೆಯ ಮೇಲೆ ಹೋರಾಡುತ್ತಾ ಮಡಿದನೆಂದು ಅವನ ವಂಶದವರೇ ಹೇಳಿಕೊಂಡಿದ್ದಾರೆ. ಮೋಸದ ಸೂಚನೆ ಅವರ ತಾಮ್ರಪಟಗಳಲ್ಲಿಲ್ಲ. ಆದರೂ ಮೊದಲಿನ ಅರ್ಥವನ್ನು ಅವಲಂಬಿಸಿದ ಹಳೆಯ ಪುಸ್ತಕಗಳಲ್ಲಿ ಬೂತುಗನು ವಂಚನೆಯಿಂದ ಕೊಂದನೆಂಬ ಹೇಳಿಕೆ ಉಳಿದುಕೊಂಡಿದೆ. ಒಂದು ಒತ್ತಕ್ಷರದ ಓದು ಒಬ್ಬ ದೊರೆಯ ಚಾರಿತ್ರ್ಯವನ್ನು ಬದಲಿಸಬಲ್ಲದೆಂಬುದಕ್ಕೆ ಈ ಪ್ರಸಂಗವನ್ನು ಶಾಸನಶಾಸ್ತ್ರದ ವಿದ್ಯಾರ್ಥಿಗಳು ಉದಾಹರಣೆಯಾಗಿ ನೋಡಬಹುದು.

ಕಾಲನಿರ್ಣಯ

ಶಾಸನವು ಶಕವರ್ಷ 872 ಮತ್ತು ಸೌಮ್ಯ ಸಂವತ್ಸರ ಎಂದು ಕಾಲವನ್ನು ಹೇಳುತ್ತದೆ. ಶಕವರ್ಷಗಳನ್ನು ಕಳೆದ ವರ್ಷ ಮತ್ತು ನಡೆಯುತ್ತಿರುವ ವರ್ಷ ಎಂಬ ಎರಡು ಬಗೆಯಲ್ಲಿ ಎಣಿಸುವ ಪದ್ಧತಿಯಿತ್ತು. ಸೌಮ್ಯ ಸಂವತ್ಸರವು ಶಕ 871 ಕಳೆದು 872 ನಡೆಯುತ್ತಿದ್ದಾಗ ಬರುತ್ತದೆ. ಆದುದರಿಂದ ಶಾಸನದ ಕಾಲ ಸಾ.ಶ. 949–50 ಎಂದು ನಿರ್ಣಯವಾಗಿದೆ. ತಕ್ಕೋಲಂ ಕದನವು ಇದಕ್ಕಿಂತ ಸ್ವಲ್ಪ ಮೊದಲು ನಡೆದಿರಬೇಕು. ಶಕ 871ರ ಶೋಳಪುರಂ ಶಾಸನವೂ ಇದನ್ನೇ ಸಮರ್ಥಿಸುವುದರಿಂದ ಕದನದ ಕಾಲವನ್ನು ಸಾಮಾನ್ಯವಾಗಿ 949 ಎಂದು ಸ್ವೀಕರಿಸಲಾಗಿದೆ.

ಶೋಧ ಮತ್ತು ಪ್ರಕಟಣೆ

ಮೈಸೂರು ಸಂಸ್ಥಾನದ ಶಾಸನಗಳ ಸಂಗ್ರಹಕಾರ್ಯವನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಿ. ಎಲ್. ರೈಸ್ ಅವರು ಕೈಗೊಂಡರು. ಆತಕೂರು ಶಾಸನವನ್ನು ಅವರು 1894ರಲ್ಲಿ ಪ್ರಕಟವಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟದಲ್ಲಿ ಮಂಡ್ಯ 41ನೆಯ ಸಂಖ್ಯೆಯಡಿ ಸೇರಿಸಿದರು. ಅದೇ ಅವಧಿಯಲ್ಲಿ ಫ್ಲೀಟ್ ಅವರು ಎಪಿಗ್ರಾಫಿಯಾ ಇಂಡಿಕಾದ ಎರಡನೆಯ ಸಂಪುಟದಲ್ಲಿ ಇದನ್ನು ವಿಸ್ತಾರವಾಗಿ ಸಂಪಾದಿಸಿದರು. ಮುಂದೆ ಅದೇ ಮಾಲಿಕೆಯ ಆರನೆಯ ಸಂಪುಟದಲ್ಲಿ ಇದರ ಪಾಠವನ್ನು ಮತ್ತೆ ಪರಿಶೀಲಿಸಿದರು. ಆಗ ಶಾಸನವು ಮಂಡ್ಯ ತಾಲ್ಲೂಕಿನ ಸಂಖ್ಯೆಯನ್ನು ಪಡೆದಿದ್ದರಿಂದ ಹಳೆಯ ಗ್ರಂಥಗಳಲ್ಲಿ ಅದೇ ಉಲ್ಲೇಖವಿದೆ. ಗ್ರಾಮವು ಈಗ ಮದ್ದೂರು ತಾಲ್ಲೂಕಿಗೆ ಸೇರಿದೆ.

ಐತಿಹಾಸಿಕ ಮಹತ್ವ

ಗಂಗರ ಇತಿಹಾಸಕ್ಕೆ ಆಧಾರವಾದ ತಾಮ್ರಪಟಗಳಲ್ಲಿ ಹಲವನ್ನು ಕೂಟಶಾಸನಗಳೆಂದು ಫ್ಲೀಟ್ ಅವರು ಶಂಕಿಸಿದ್ದರು. ತಾಮ್ರಪಟಗಳನ್ನು ನಂತರದ ಕಾಲದಲ್ಲಿ ಹಿಂದಿನ ಅರಸರ ಹೆಸರಿನಲ್ಲಿ ಬರೆಯಲು ಸಾಧ್ಯವಿತ್ತು. ಊರ ಮಧ್ಯದಲ್ಲಿ ಬಹಿರಂಗವಾಗಿ ನೆಟ್ಟ, ಕಾಲವನ್ನು ಸ್ಪಷ್ಟವಾಗಿ ಹೇಳುವ ಶಿಲಾಶಾಸನದಲ್ಲಿ ಅಂತಹ ಸಂಶಯಕ್ಕೆ ಅವಕಾಶ ಕಡಿಮೆ. ಆದುದರಿಂದ ಆತಕೂರು ಶಾಸನವು ಗಂಗ, ರಾಷ್ಟ್ರಕೂಟ ಮತ್ತು ಚೋಳ ಎಂಬ ಮೂರೂ ವಂಶಗಳ ಕಾಲಗಣನೆಯನ್ನು ಒಂದು ಬಿಂದುವಿನಲ್ಲಿ ಜೋಡಿಸುವ ವಿಶ್ವಾಸಾರ್ಹ ಆಧಾರವಾಯಿತು.

ಆಡಳಿತ ಮತ್ತು ಸಮಾಜದ ಅಧ್ಯಯನಕ್ಕೂ ಇದು ಉಪಯುಕ್ತ. ಚಕ್ರವರ್ತಿಯು ಮಾಂಡಲಿಕನಿಗೆ ನಾಡುಗಳನ್ನೂ, ಮಾಂಡಲಿಕನು ವೀರನಿಗೆ ಊರುಗಳನ್ನೂ, ವೀರನು ತನ್ನ ನಾಯಿಯ ಕಲ್ಲಿಗೆ ಗದ್ದೆಯನ್ನೂ ಕೊಡುವ ಕ್ರಮವನ್ನು ಈ ಒಂದೇ ಶಿಲೆ ತೋರಿಸುತ್ತದೆ. ಸೇವೆ ಮತ್ತು ಮೆಚ್ಚುಗೆಗಳ ಈ ಸರಣಿಯಲ್ಲಿ ನಾಯಿಗೂ ಸ್ಥಾನ ದೊರೆತಿದೆ. ಒಡೆಯನಿಗಾಗಿ ಹೋರಾಡಿ ಮಡಿದ ಯೋಧನಿಗೆ ಸಲ್ಲುತ್ತಿದ್ದ ಕಲ್ಲು, ಭೂಮಿ ಮತ್ತು ಪೂಜೆ ಎಂಬ ಮೂರು ಗೌರವಗಳೂ ಕಾಳಿಗೆ ಸಂದಿವೆ.

ಸ್ಮಾರಕಶಿಲೆಗಳ ಪರಂಪರೆ

ಕರ್ನಾಟಕದಲ್ಲಿ ಸ್ಮಾರಕಶಿಲೆಗಳನ್ನು ನೆಡುವ ಪದ್ಧತಿ ವ್ಯಾಪಕವಾಗಿತ್ತು. ತುರುಗಳ್ಳರಿಂದ ಹಸುಗಳನ್ನು ಬಿಡಿಸುವಾಗ, ಹೆಣ್ಣುಗಳ ಮಾನರಕ್ಷಣೆಯಲ್ಲಿ, ಊರಿನ ಮೇಲೆ ದಾಳಿಯಾದಾಗ ಅಥವಾ ಹುಲಿ, ಹಂದಿಗಳ ಬೇಟೆಯಲ್ಲಿ ಮಡಿದವರಿಗೆ ವೀರಗಲ್ಲುಗಳನ್ನು ನೆಡುತ್ತಿದ್ದರು. ಸಹಗಮನ ಮಾಡಿದ ಸ್ತ್ರೀಯರಿಗೆ ಮಾಸ್ತಿಕಲ್ಲುಗಳನ್ನೂ ಸಲ್ಲೇಖನ ವ್ರತದಿಂದ ದೇಹತ್ಯಾಗ ಮಾಡಿದ ಜೈನರಿಗೆ ನಿಸಿಧಿಗಲ್ಲುಗಳನ್ನೂ ನಿಲ್ಲಿಸುತ್ತಿದ್ದರು. ತುಳುನಾಡಿನ ಮೂಡುಬಿದಿರೆಯ ಸಮೀಪದ ಕೊಡಂಗಲ್ಲಿನಲ್ಲಿರುವ, ಮೇಲೆ ಹೋದಂತೆ ಕಿರಿದಾಗುವ ಹಂತಗಳ ಜೈನ ಸಮಾಧಿಗಳು ಇದೇ ಪರಂಪರೆಯ ಮತ್ತೊಂದು ರೂಪ. ಅಲ್ಲಿಯ ಬಸದಿಗಳ ಮುಂದಿರುವ ಮಾನಸ್ತಂಭಗಳು ವ್ಯಕ್ತಿಸ್ಮಾರಕಗಳಲ್ಲದಿದ್ದರೂ, ಊರಿನ ನಡುವೆ ಎತ್ತರವಾಗಿ ನಿಂತು ಶ್ರದ್ಧೆಯನ್ನು ಸಾರುವ ಶಿಲೆಗಳೆಂಬ ದೃಷ್ಟಿಯಿಂದ ಹೋಲಿಕೆಗೆ ಯೋಗ್ಯವಾಗಿವೆ. ಐರ್ಲೆಂಡ್ ಮತ್ತು ಇಂಗ್ಲೆಂಡಿನ ಹಳ್ಳಿಗಳಲ್ಲಿರುವ ಮಧ್ಯಯುಗದ ಕಲ್ಲಿನ ಶಿಲುಬೆಗಳೂ, ಕೇರಳದ ಕೊಟ್ಟಾಯಂ ಮುಂತಾದೆಡೆಗಳಲ್ಲಿರುವ ಪಹ್ಲವಿ ಬರಹದ ಶಿಲುಬೆಗಳೂ ಅವುಗಳ ಸಮಾಜದಲ್ಲಿ ಇದೇ ಬಗೆಯ ಸ್ಥಾನವನ್ನು ಪಡೆದಿವೆ.

ನಾಯಿಯನ್ನು ನೆನೆಯುವ ಕಲ್ಲುಗಳು ಸಂಖ್ಯೆಯಲ್ಲಿ ಕಡಿಮೆಯಾದರೂ ಆತಕೂರಿನದು ಏಕೈಕ ಉದಾಹರಣೆಯಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಪ್ರದೇಶದ ಎಡುತ್ತನೂರಿನಲ್ಲಿ ಪಲ್ಲವರ ಕಾಲದ ವೀರಗಲ್ಲೊಂದಿದೆ. ಅದರಲ್ಲಿ ವೀರನ ಜೊತೆಗೆ ಕೋವಿವನ್ ಎಂಬ ಹೆಸರಿನ ಅವನ ನಾಯಿಯನ್ನೂ ಕೆತ್ತಲಾಗಿದೆ. ಅಲ್ಲಿ ನಾಯಿಯು ವೀರನ ಸಂಗಾತಿ. ಆತಕೂರಿನಲ್ಲಿ ನಾಯಿಯೇ ವೀರ. ಇದೇ ಇವೆರಡರ ನಡುವಿನ ಮುಖ್ಯ ವ್ಯತ್ಯಾಸ.

ಸಂರಕ್ಷಣೆ ಮತ್ತು ಪರಂಪರೆ

ಮೂಲತಃ ಚಲ್ಲೇಶ್ವರ ದೇವಾಲಯದ ಮುಂದೆ ನಿಂತಿದ್ದ ಶಿಲೆಯನ್ನು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸ್ಥಳಾಂತರಿಸಲಾಯಿತು. 1865ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯು ದಕ್ಷಿಣ ಭಾರತದ ಹಳೆಯ ವಸ್ತುಸಂಗ್ರಹಾಲಯಗಳಲ್ಲಿ ಒಂದು. ಗಂಗರ ಕಾಲದ ಮತ್ತೊಂದು ಪ್ರಸಿದ್ಧ ಸ್ಮಾರಕವಾದ ಬೇಗೂರಿನ ವೀರಗಲ್ಲೂ ಇಲ್ಲಿಯೇ ಇದೆ. ಎರಡನ್ನೂ ಒಂದೇ ಸ್ಥಳದಲ್ಲಿ ನೋಡುವ ಅವಕಾಶವಿರುವುದರಿಂದ ಯೋಧರ ಕಾಳಗವನ್ನು ತೋರಿಸುವ ಕಲ್ಲಿಗೂ ಪ್ರಾಣಿಗಳ ಹೋರಾಟವನ್ನು ತೋರಿಸುವ ಕಲ್ಲಿಗೂ ಇರುವ ಸಾಮ್ಯವನ್ನು ವಿದ್ಯಾರ್ಥಿಗಳು ಗಮನಿಸಬಹುದು.

ಸ್ಥಳಾಂತರದಿಂದ ಶಿಲೆಯು ಮಳೆ, ಬಿಸಿಲು ಮತ್ತು ಅಜ್ಞಾನದಿಂದಾಗುವ ಹಾನಿಯಿಂದ ಪಾರಾಯಿತು. ಕರ್ನಾಟಕದ ಹಳ್ಳಿಗಳಲ್ಲಿ ಬಯಲಿನಲ್ಲಿ ಉಳಿದ ಅನೇಕ ವೀರಗಲ್ಲುಗಳು ಹೊಲದ ಬದುವಿಗೂ ಮೋರಿಯ ಹಾಸಿಗೂ ಬಳಕೆಯಾಗಿವೆ. ಎಣ್ಣೆ, ಸುಣ್ಣ ಮತ್ತು ಬಣ್ಣದ ಲೇಪನದಿಂದ ಕೆಲವುಗಳ ಅಕ್ಷರಗಳು ಮಸುಕಾಗಿವೆ. ಆದರೆ ಸ್ಥಳಾಂತರಕ್ಕೆ ಇನ್ನೊಂದು ಮುಖವೂ ಇದೆ. ಆತಕೂರು ಶಾಸನವು ದೇವಾಲಯ, ಕೆರೆ, ಗದ್ದೆ ಮತ್ತು ಗುಡ್ಡಗಳನ್ನು ಹೆಸರಿಸಿ ಬರೆದ ದಾಖಲೆ. ಕಲ್ಲು ಊರಿನಲ್ಲಿದ್ದಾಗ ಅದು ತನ್ನ ಸುತ್ತಲಿನ ನೆಲವನ್ನೇ ವಿವರಿಸುತ್ತಿತ್ತು. ಅದನ್ನು ಪೂಜಿಸದೆ ಉಣ್ಣಬಾರದೆಂಬ ಕಟ್ಟಳೆಯೂ ಆ ಊರಿನ ದೇವಾಲಯಕ್ಕೆ ಸಂಬಂಧಿಸಿದುದು. ಸಂಗ್ರಹಾಲಯದಲ್ಲಿ ಕಲ್ಲು ಮತ್ತು ಅಕ್ಷರಗಳು ಸುರಕ್ಷಿತವಾಗಿವೆ. ಆ ನೆಲದೊಂದಿಗಿನ ನಂಟನ್ನು ನೋಡುಗನು ಶಾಸನದ ಪಾಠದಿಂದಲೇ ಕಲ್ಪಿಸಿಕೊಳ್ಳಬೇಕಾಗಿದೆ. ಸ್ಮಾರಕಗಳನ್ನು ಮೂಲಸ್ಥಳದಲ್ಲಿಯೇ ಉಳಿಸಬೇಕೆ ಅಥವಾ ಸುರಕ್ಷತೆಗಾಗಿ ಸಾಗಿಸಬೇಕೆ ಎಂಬ ಚರ್ಚೆಯಲ್ಲಿ ಈ ಎರಡು ಅಂಶಗಳೂ ಮುಖ್ಯವಾಗುತ್ತವೆ.

ರಾಷ್ಟ್ರಕೂಟ ಸಾಮ್ರಾಜ್ಯವು ತಕ್ಕೋಲಂ ವಿಜಯದ ನಂತರ ಮೂರು ದಶಕಗಳೊಳಗೆ ಪತನವಾಯಿತು. ಹನ್ನೊಂದನೆಯ ಶತಮಾನದ ಆರಂಭದಲ್ಲಿ ಚೋಳರು ತಲಕಾಡನ್ನು ಗೆದ್ದುದರಿಂದ ಗಂಗರ ಆಳ್ವಿಕೆಯೂ ಕೊನೆಗೊಂಡಿತು. ಮಣಲೆರನ ಮತ್ತು ಅವನ ನಾಯಿಯ ಹೆಸರು ಈ ಕಲ್ಲಿನಿಂದಾಗಿ ಉಳಿದು ಬಂದಿದೆ.

ಇವುಗಳನ್ನೂ ನೋಡಿ

ವೀರಗಲ್ಲು
ನಿಸಿಧಿಗಲ್ಲು
ಬೇಗೂರು ಶಾಸನ
ತಕ್ಕೋಲಂ ಕದನ
ಪಶ್ಚಿಮ ಗಂಗರು
ಮೂರನೆಯ ಕೃಷ್ಣ